ಮೊಬೈಲ್ ಶೀಟಿನಲ್ಲಿ ತೋಟದ ಲೆಕ್ಕ: ಅಂಕಿ ಹಾಕೋದು ಹೇಗೆ, ಹಾಕಿದ್ದು ಸರಿ ಇದೆಯಾ ನೋಡೋದು ಹೇಗೆ?

ನಮ್ಮಲ್ಲಿ ಬಹಳ ಜನ ತೋಟದ ಲೆಕ್ಕವನ್ನು ನೋಟ್‌ಬುಕ್ಕಿನಿಂದ ಮೊಬೈಲಿಗೆ ತಂದಿದ್ದೇವೆ. ಕೊಯ್ಲಿನ ತೂಕ, ಕೂಲಿ, ಮಂಡಿ ದರ, ಮೋಟಾರ್ ಓಡಿದ ಹೊತ್ತು, ಎಲ್ಲಾ ಗೂಗಲ್ ಶೀಟ್ಸ್‌ಗೆ ಹೋಗ್ತಾ ಇದೆ. ಒಳ್ಳೆಯ ಬೆಳವಣಿಗೆ. ಆದರೆ ನೋಟ್‌ಬುಕ್ಕಿಗೂ ಶೀಟಿಗೂ ಒಂದು ದೊಡ್ಡ ವ್ಯತ್ಯಾಸ ಇದೆ. ನೋಟ್‌ಬುಕ್ಕಿನಲ್ಲಿ ‘ಸುಮಾರು 60 ಕೆಜಿ’ ಅಂತ ಬರೆದರೆ ಓದುವವರು ಮನುಷ್ಯರು, ಅರ್ಥ ಮಾಡಿಕೊಳ್ತಾರೆ. ಶೀಟ್ ಅರ್ಥ ಮಾಡಿಕೊಳ್ಳಲ್ಲ. ಅದಕ್ಕೆ ಅದು ಸಂಖ್ಯೆಯೇ ಅಲ್ಲ, ಬರೀ ಅಕ್ಷರ. ಕೂಡುವಾಗ ಅದನ್ನು ಬಿಟ್ಟು ಮುಂದೆ ಹೋಗುತ್ತೆ, ನಿಮಗೆ ಹೇಳೋದೂ ಇಲ್ಲ.

ಕೊನೆಗೆ ಬರುವ ಸರಾಸರಿ ನೋಡೋಕೆ ಮಾತ್ರ ಚೆನ್ನಾಗೇ ಇರುತ್ತೆ. ಅದನ್ನು ನಂಬಿ ನಾವು ದುಡ್ಡು ಹಾಕ್ತೀವಿ. ಅದಕ್ಕೇ ಈ ವಾರ ಫಾರ್ಮುಲಾ ಕಲಿಯೋದಕ್ಕಿಂತ ಮೊದಲಿನ ಕೆಲಸವನ್ನು ನೋಡೋಣ: ಅಂಕಿಯನ್ನು ಸರಿಯಾಗಿ ಹಾಕೋದು, ಸರಿಯಾಗಿ ಫಾರ್ಮ್ಯಾಟ್ ಮಾಡೋದು.

ಒಂದೇ ತೋಟ, ಮೂರು ಉತ್ತರ

ಒಂದು ಉದಾಹರಣೆ ತಗೊಳ್ಳೋಣ. ಅಂಕಿಗಳು ಲೆಕ್ಕ ಅರ್ಥವಾಗಲಿ ಅಂತ ನಾನು ಹಿಡಿದವು. ಹಸಿಮೆಣಸಿನಕಾಯಿ ಬೆಳೆ, ತಲಾ 5 ಗುಂಟೆಯ ಎರಡು ತಾಕು. ತಾಕು ‘ಎ’ಗೆ ಅಂಗಡಿಯಿಂದ ತಂದ ಒಂದು ಸಾವಯವ ದ್ರವ ಗೊಬ್ಬರ ಕೊಡ್ತಾ ಇದ್ದೀರಿ. ತಾಕು ‘ಬಿ’ಗೆ ಕೊಟ್ಟಿಲ್ಲ, ಉಳಿದದ್ದೆಲ್ಲಾ ಒಂದೇ. ಗೊಬ್ಬರ, ಸಿಂಪಡಣೆ ಕೂಲಿ ಸೇರಿ ಕೊಯ್ಲೊಂದಕ್ಕೆ 200 ರೂಪಾಯಿ ಖರ್ಚು. ಕಾಯಿಗೆ ಕೆಜಿಗೆ 30 ರೂಪಾಯಿ ಸಿಗ್ತಾ ಇದೆ. ಆರು ಕೊಯ್ಲಿನ ತೂಕ ಹೀಗೆ ಎಂಟ್ರಿ ಆಗಿದೆ:

ತಾಕು ಎ: 42, 55, 61, 58, 60 ಕೆಜಿ, 48
ತಾಕು ಬಿ: 40, 52, 0, 54, 57, 45

ಎರಡು ಕಡೆ ಗಮನಿಸಿ. ‘ಎ’ ತಾಕಿನ ಐದನೇ ಕೊಯ್ಲಿನಲ್ಲಿ 60ರ ಜೊತೆ ‘ಕೆಜಿ’ ಸೇರಿಕೊಂಡಿದೆ. ‘ಬಿ’ ತಾಕಿನ ಮೂರನೇ ಕೊಯ್ಲಿನಲ್ಲಿ ಕಾಯಿ ಕೊಯ್ದದ್ದು ಹೌದು, ಆದರೆ ತೂಕ ಹಾಕುವ ಮೊದಲೇ ಚೀಲ ಗಾಡಿ ಹತ್ತಿತು. ತೂಕ ಗೊತ್ತಿಲ್ಲ ಅಂತ 0 ಹಾಕಿದ್ದಾರೆ.

ಈಗ ಶೀಟಿಗೆ ಸರಾಸರಿ ಕೇಳಿ. ‘60 ಕೆಜಿ’ಯನ್ನು ಅದು ಬಿಟ್ಟುಬಿಡುತ್ತೆ. ‘ಎ’ ತಾಕಿನ ಸರಾಸರಿ ಐದೇ ಕೊಯ್ಲಿನದು, 52.8 ಕೆಜಿ. ‘ಬಿ’ಯಲ್ಲಿ 0 ಅನ್ನು ನಿಜವಾದ ತೂಕ ಅಂತಲೇ ಹಿಡಿದು 248ನ್ನು ಆರರಿಂದ ಭಾಗಿಸುತ್ತೆ, 41.3 ಕೆಜಿ. ವ್ಯತ್ಯಾಸ 11.5 ಕೆಜಿ. ಅಂದರೆ ಕೊಯ್ಲಿಗೆ ಸುಮಾರು 344 ರೂಪಾಯಿ ಹೆಚ್ಚು. 200 ಖರ್ಚು ಕಳೆದರೂ 144 ಲಾಭ. ‘ಗೊಬ್ಬರ ಕೆಲಸ ಮಾಡ್ತಿದೆ, ಮುಂದಿನ ಸಲ ಪೂರ್ತಿ ಎಕರೆಗೆ ಹಾಕೋಣ’ ಅಂತ ಯಾರಿಗಾದರೂ ಅನ್ನಿಸುತ್ತೆ.

‘ಕೆಜಿ’ ಅಳಿಸಿ, ಗೊತ್ತಿಲ್ಲದ ಕಡೆ 0 ತೆಗೆದು ಖಾಲಿ ಬಿಡಿ. ‘ಎ’ ಸರಾಸರಿ 54, ‘ಬಿ’ ಸರಾಸರಿ 49.6. ವ್ಯತ್ಯಾಸ 4.4 ಕೆಜಿಗೆ ಇಳಿಯಿತು.

ಇನ್ನೂ ಒಂದು ಹೆಜ್ಜೆ ಇದೆ. ಮೂರನೇ ಕೊಯ್ಲು ಎರಡೂ ತಾಕಿನಲ್ಲಿ ಜಾಸ್ತಿ ಬಂದ ಕೊಯ್ಲೇ ಆಗಿರಬಹುದು. ‘ಎ’ಯಲ್ಲಿ ಅದು ಲೆಕ್ಕಕ್ಕೆ ಇದೆ, ‘ಬಿ’ಯಲ್ಲಿ ಇಲ್ಲ. ಎರಡೂ ಕಡೆ ತೂಕ ಸಿಕ್ಕಿರುವ ಐದು ಕೊಯ್ಲನ್ನು ಮಾತ್ರ ಹೋಲಿಸಿದರೆ ‘ಎ’ 52.6, ‘ಬಿ’ 49.6. ವ್ಯತ್ಯಾಸ ಬರೀ 3 ಕೆಜಿ. ಅಂದರೆ 90 ರೂಪಾಯಿ. 200 ಖರ್ಚು ಮಾಡಿ 90 ದುಡಿದರೆ ಕೊಯ್ಲಿಗೆ 110 ರೂಪಾಯಿ ಕೈಬಿಟ್ಟಂತೆ.

ಬೆಳೆ ಅದೇ, ತಕ್ಕಡಿ ಅದೇ. ಎರಡು ಸೆಲ್ ತಪ್ಪಾಗಿದ್ದಕ್ಕೆ ನಷ್ಟವೇ ಲಾಭದಂತೆ ಕಂಡಿತು. ಅಂಕಿ ಹಾಕೋದು ಗುಮಾಸ್ತನ ಕೆಲಸ ಅಂತ ಸಸಾರ ಮಾಡಬಾರದು ಅನ್ನೋದು ಇದಕ್ಕೇ.

ಮೊದಲು ಶೀಟ್ ಜೋಡಿಸಿ

ಒಂದು ಸಾಲು ಅಂದರೆ ಒಂದು ಸಲದ ತೂಕ. ಒಂದು ಕಾಲಂ ಅಂದರೆ ಒಂದೇ ವಿಷಯ. ಇಷ್ಟು ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ. ನಾನು ಇಡುವ ಕಾಲಂಗಳು ಇವು:

ದಿನಾಂಕ | ತಾಕು | ಕೊಯ್ಲು ಸಂಖ್ಯೆ | ತೂಕ ಕೆಜಿ | ದರ ರೂ | ಟಿಪ್ಪಣಿ
2025-06-05 | ಎ | 1 | 42 | 30 |
2025-06-05 | ಬಿ | 1 | 40 | 30 |
2025-06-12 | ಎ | 2 | 55 | 30 | ಹಿಂದಿನ ದಿನ ಮಳೆ

ತಲೆಬರಹ ಒಂದೇ ಸಾಲಿನಲ್ಲಿ ಇರಲಿ. ಆ ಸಾಲಿನ ನಂಬರ್ ಒತ್ತಿ ಹಿಡಿದು ‘ಫ್ರೀಜ್’ ಮಾಡಿಬಿಡಿ. ಕೆಳಗೆ ಎಷ್ಟು ಜಾರಿಸಿದರೂ ತಲೆಬರಹ ಕಾಣ್ತಾ ಇರುತ್ತೆ, ಮುಂದೆ ಸಾರ್ಟ್ ಮಾಡುವಾಗಲೂ ಅದು ಕದಲಲ್ಲ.

ಮಧ್ಯದಲ್ಲಿ ‘ಜೂನ್ ಒಟ್ಟು’ ಅಂತ ಸಾಲು ಹಾಕಬೇಡಿ. ಮುಂದೆ ಇಡೀ ಕಾಲಂ ಕೂಡಿದಾಗ ಜೂನ್ ತಿಂಗಳು ಎರಡು ಸಲ ಸೇರುತ್ತೆ. ಒಟ್ಟು, ಸರಾಸರಿ ಎಲ್ಲಾ ಕೆಳಗೆ ಇರುವ ಎರಡನೇ ಟ್ಯಾಬಿನಲ್ಲಿ ಇರಲಿ. ಸೆಲ್‌ಗಳನ್ನು ಒಂದಕ್ಕೊಂದು ಮರ್ಜ್ ಮಾಡಬೇಡಿ. ‘ಹಸಿರು ಬಣ್ಣ ಅಂದ್ರೆ ಗೊಬ್ಬರ ಹಾಕಿದ್ದು’ ಅಂತ ಬಣ್ಣದಲ್ಲಿ ಮಾಹಿತಿ ಇಡಬೇಡಿ. ಸರಾಸರಿ ತೆಗೆಯುವಾಗ ಬಣ್ಣ ಲೆಕ್ಕಕ್ಕೆ ಬರಲ್ಲ. ಅದಕ್ಕೊಂದು ಕಾಲಂ ಮಾಡಿ.

ತಾಕಿನ ಹೆಸರು ಪ್ರತಿ ಸಲ ಒಂದೇ ಥರ ಇರಬೇಕು. ‘ಎ’, ‘ತಾಕು ಎ’, ‘ಎ ತಾಕು’ ಮೂರೂ ನಮಗೆ ಒಂದೇ, ಶೀಟಿಗೆ ಮೂರು ಬೇರೆ ತಾಕು. ಮನೆಯಲ್ಲಿ ಇಬ್ಬರು ಮೂವರು ಎಂಟ್ರಿ ಹಾಕ್ತಾರೆ ಅಂದರೆ ಆ ಕಾಲಂಗೆ ಡ್ರಾಪ್‌ಡೌನ್ ಪಟ್ಟಿ ಮಾಡಿಟ್ಟುಬಿಡಿ, ಆಯ್ಕೆ ಮಾತ್ರ ಮಾಡಿದರೆ ಸಾಕು.

ಹೊಲದಲ್ಲಿ ನೆಟ್‌ವರ್ಕ್ ಸಿಗಲ್ವಾ? ಫೈಲಿನ ಮೆನುವಿನಲ್ಲಿ ‘ಆಫ್‌ಲೈನ್’ ಆಯ್ಕೆ ಆನ್ ಮಾಡಿಟ್ಟಿರಿ. ತಕ್ಕಡಿ ಪಕ್ಕದಲ್ಲೇ ಎಂಟ್ರಿ ಹಾಕಬಹುದು. ರಾತ್ರಿ ನೆನಪಿನಿಂದ ಹಾಕಿದ ತೂಕ ತೂಕ ಅಲ್ಲ, ಅಂದಾಜು.

ಅಂಕಿ ಹಾಕುವಾಗ ಎಡವುವ ಜಾಗಗಳು

1. ಅಳತೆಯ ಹೆಸರು ಸೆಲ್ಲಿನಲ್ಲಿ ಬೇಡ. ‘ಕೆಜಿ’, ‘ರೂ’, ‘ಲೀಟರ್’ ಎಲ್ಲಾ ತಲೆಬರಹಕ್ಕೆ ಹೋಗಲಿ. ಸೆಲ್ಲಿನಲ್ಲಿ ಬರೀ ಅಂಕಿ. ಒಂದು ಕಾಲಂನಲ್ಲಿ ಒಂದೇ ಅಳತೆ. ಒಂದು ದಿನ ಕೆಜಿ, ಇನ್ನೊಂದು ದಿನ ಕ್ವಿಂಟಾಲ್, ಮತ್ತೊಂದು ದಿನ ಕ್ರೇಟ್ ಬೆರೆಸಿದರೆ ಕೂಡಿದ್ದಕ್ಕೆ ಅರ್ಥವೇ ಇರಲ್ಲ. ಕ್ರೇಟ್ ಸಮೇತ ತೂಗಿದ್ದರೆ ಖಾಲಿ ಕ್ರೇಟಿನ ತೂಕ ಕಳೆದು ಹಾಕಿ.

2. ಇಂಗ್ಲಿಷ್ ಅಂಕಿಯನ್ನೇ ಬಳಸಿ. ಟಿಪ್ಪಣಿ ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಲೆಕ್ಕಕ್ಕೆ ಬೇಕಾದ ಸೆಲ್‌ಗೆ ಬಂದಾಗ ಮಾತ್ರ ಕೀಬೋರ್ಡನ್ನು 1, 2, 3 ಅಂಕಿಗೆ ಬದಲಿಸಿಕೊಳ್ಳಿ. ದೊಡ್ಡ ಮೊತ್ತಕ್ಕೆ ಕಾಮಾ ನೀವು ಹಾಕಬೇಡಿ. 125000 ಅಂತ ಹಾಕಿ, ಕಾಮಾ ತೋರಿಸುವ ಕೆಲಸ ಫಾರ್ಮ್ಯಾಟಿನದು.

3. ಚುಕ್ಕೆಯ ಬಗ್ಗೆ ಹುಷಾರು. 12 ಕೆಜಿ 50 ಗ್ರಾಂ ಅಂದರೆ 12.05. ಅದನ್ನು 12.50 ಅಂತ ಹಾಕಿದರೆ ಹನ್ನೆರಡೂವರೆ ಕೆಜಿ ಆಯ್ತು. ಮೋಟಾರ್ 2 ಗಂಟೆ 30 ನಿಮಿಷ ಓಡಿದರೆ 2.30 ಅಲ್ಲ, 2.5. ಇದಕ್ಕಿಂತ ದೊಡ್ಡ ಗುಂಡಿ ಜಮೀನಿನ ವಿಸ್ತೀರ್ಣದಲ್ಲಿದೆ. ಎಕರೆಗೆ 40 ಗುಂಟೆ ಅಲ್ವಾ? ಪಹಣಿ ನೋಡಿ ನಾವು 1 ಎಕರೆ 20 ಗುಂಟೆಯನ್ನು ‘1.20’ ಅಂತ ಬರೆದು ರೂಢಿ. ಶೀಟಿಗೆ 1.20 ಎಕರೆ ಅಂದರೆ 48 ಗುಂಟೆ. ನಿಮ್ಮದು 60 ಗುಂಟೆ, ಅಂದರೆ ಒಂದೂವರೆ ಎಕರೆ. 3000 ಕೆಜಿ ಬೆಳೆದಿದ್ದರೆ ಎಕರೆಗೆ 2000 ಕೆಜಿ ಬಿದ್ದಿದೆ, ಶೀಟ್ 2500 ಅಂತ ತೋರಿಸುತ್ತೆ. ಸುಲಭದ ದಾರಿ: ವಿಸ್ತೀರ್ಣವನ್ನು ಯಾವಾಗಲೂ ಗುಂಟೆಯಲ್ಲೇ ಹಾಕಿ, ಹೊತ್ತನ್ನು ನಿಮಿಷದಲ್ಲೇ ಹಾಕಿ. ಚುಕ್ಕೆಯ ತಂಟೆಯೇ ಇಲ್ಲ.

4. ಸೊನ್ನೆ ಬೇರೆ, ಖಾಲಿ ಬೇರೆ. ಕೊಯ್ಯೋಕೆ ಹೋದಿರಿ, ಒಂದು ಕಾಯಿಯೂ ಸಿಗಲಿಲ್ಲ: 0 ಹಾಕಿ. ಕಾಯಿ ಇತ್ತು, ತೂಕ ಸಿಗಲಿಲ್ಲ: ಸೆಲ್ ಖಾಲಿ ಬಿಟ್ಟು ಟಿಪ್ಪಣಿಯಲ್ಲಿ ಕಾರಣ ಬರೆಯಿರಿ. ಖಾಲಿ ಸೆಲ್ಲಿನಲ್ಲಿ ಗೀಟು ಎಳೆಯೋದು, ‘ಇಲ್ಲ’ ಅಂತ ಬರೆಯೋದು ಬೇಡ. ಮೇಲಿನ ಉದಾಹರಣೆಯಲ್ಲಿ ಹೆಚ್ಚು ಹಾನಿ ಮಾಡಿದ್ದು ಈ ಒಂದು ಸೊನ್ನೆಯೇ.

5. ಅಂದಾಜನ್ನು ‘3-4’ ಅಂತ ಬರೆಯಬೇಡಿ. ಶೀಟ್ ಅದನ್ನು ದಿನಾಂಕ ಅಂತ ತಿಳ್ಕೊಳ್ಳುತ್ತೆ. ತೂಗಿ ಹಾಕಿ. ತೂಗೋಕೆ ಆಗಲೇ ಇಲ್ಲ ಅಂದರೆ 3.5 ಹಾಕಿ ಟಿಪ್ಪಣಿಯಲ್ಲಿ ‘ಅಂದಾಜು’ ಅಂತ ಬರೆಯಿರಿ.

6. ಸರ್ವೆ ನಂಬರಿಗೂ ಇದೇ ಕಥೆ. 12/3 ಅಂತ ಹಾಕಿದರೆ ಅದು ಮಾರ್ಚ್ 12 ಆಗಿಬಿಡುತ್ತೆ. ಮೊದಲು ಒಂದು ಒಂಟಿ ಉದ್ಧರಣ ಚಿಹ್ನೆ (') ಹಾಕಿ, ಆಮೇಲೆ 12/3 ಟೈಪ್ ಮಾಡಿ. ಆಗ ಶೀಟ್ ಅದನ್ನು ಹೆಸರಿನ ಹಾಗೆ ಅಕ್ಷರವಾಗಿ ಇಟ್ಟುಕೊಳ್ಳುತ್ತೆ. 0ಯಿಂದ ಶುರುವಾಗುವ ಯಾವುದೇ ನಂಬರಿಗೂ ಇದೇ ಉಪಾಯ, ಇಲ್ಲದಿದ್ದರೆ ಮುಂದಿನ ಸೊನ್ನೆ ಬಿದ್ದುಹೋಗುತ್ತೆ. ಕೂಡಿ ಕಳೆಯೋ ಅಗತ್ಯ ಇಲ್ಲದ ನಂಬರ್ ಎಲ್ಲಾ ನಿಜವಾಗಿ ಹೆಸರುಗಳೇ.

7. ದಿನಾಂಕವನ್ನು ವರ್ಷ-ತಿಂಗಳು-ದಿನ ಕ್ರಮದಲ್ಲಿ ಹಾಕಿ, 2025-06-05 ಥರ. ಯಾಕೆ ಅಂದರೆ ಕೆಲವು ಶೀಟ್‌ಗಳ ಲೊಕೇಲ್ ಅಮೆರಿಕಕ್ಕೆ ಸೆಟ್ ಆಗಿರುತ್ತೆ. ಅಲ್ಲಿ ತಿಂಗಳು ಮೊದಲು. ನೀವು ಜೂನ್ 5 ಅಂತ 5/6/2025 ಹಾಕಿದರೆ ಅದು ಮೇ 6 ಅಂತ ಹಿಡಿಯುತ್ತೆ. 25/6/2025 ಹಾಕಿದರೆ 25ನೇ ತಿಂಗಳು ಇಲ್ಲವಲ್ಲ, ಅದಕ್ಕೆ ದಿನಾಂಕವೇ ಅಲ್ಲ ಅಂತ ಅಕ್ಷರವಾಗಿ ಬಿಡುತ್ತೆ. ತಿಂಗಳ ಮೊದಲ 12 ದಿನ ತಿರುವುಮುರುವು, ಉಳಿದದ್ದು ಅಕ್ಷರ. ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಇಂಡಿಯಾಗೆ ಬದಲಿಸಿಕೊಳ್ಳಿ, ದಿನಾಂಕದ ಕ್ರಮ ಮಾತ್ರ ಮೇಲೆ ಹೇಳಿದ ಹಾಗೇ ಇರಲಿ.

ಫಾರ್ಮ್ಯಾಟ್ ಅಂದರೆ ಮೇಲಿನ ಅಂಗಿ

ಫಾರ್ಮ್ಯಾಟ್ ಬದಲಿಸಿದರೆ ಕಾಣುವ ರೀತಿ ಬದಲಾಗುತ್ತೆ, ಒಳಗಿನ ಬೆಲೆ ಬದಲಾಗಲ್ಲ. ಇದೊಂದು ಮಾತು ನೆನಪಿದ್ದರೆ ಗೊಂದಲ ಕಡಿಮೆ.

ಬೇಕಾದ ಕಾಲಂನ ಮೇಲಿನ ಅಕ್ಷರ ಒತ್ತಿ, ಮೇಲ್ಗಡೆ ಇರುವ ಫಾರ್ಮ್ಯಾಟ್ ಗುರುತು ಒತ್ತಿ, ‘ಸೆಲ್’ ಅನ್ನೋ ಕಡೆ ಹೋದರೆ ‘ನಂಬರ್ ಫಾರ್ಮ್ಯಾಟ್’ ಸಿಗುತ್ತೆ. ತೂಕಕ್ಕೆ ನಂಬರ್, ದರಕ್ಕೆ ನಂಬರ್ ಅಥವಾ ಕರೆನ್ಸಿ, ದಿನಾಂಕಕ್ಕೆ ಡೇಟ್ ಆಯ್ಕೆ ಮಾಡಿ. ದಶಮಾಂಶ ಎಷ್ಟು ತೋರಿಸಬೇಕು ಅಂತಲೂ ಅಲ್ಲೇ ಹೇಳಬಹುದು.

12.46 ಇರುವ ಸೆಲ್ಲಿಗೆ ದಶಮಾಂಶ ಬೇಡ ಅಂದರೆ 12 ಅಂತ ಕಾಣುತ್ತೆ. ಕೂಡುವಾಗ ಮಾತ್ರ 12.46 ಅಂತಲೇ ಕೂಡುತ್ತೆ. ಅದಕ್ಕೇ ಕೆಲವು ಸಲ 12, 12 ಕೂಡಿದರೆ 25 ಅಂತ ಬಂದು ನಾವು ತಲೆ ಕೆರ್ಕೊಳ್ಳೋದು. ಶೀಟ್ ತಪ್ಪು ಮಾಡಿಲ್ಲ, ನಮಗೆ ಕಾಣ್ತಿರೋದು ಅರ್ಧ ಅಷ್ಟೇ. ನಿಮ್ಮ ತಕ್ಕಡಿ ಎಷ್ಟು ಸೂಕ್ಷ್ಮ ತೋರಿಸುತ್ತೋ ಅಷ್ಟೇ ದಶಮಾಂಶ ಇಡಿ. ಅರ್ಧ ಕೆಜಿ ಲೆಕ್ಕದ ತಕ್ಕಡಿಯಲ್ಲಿ ತೂಗಿ 12.500 ಅಂತ ತೋರಿಸಿದರೆ ಇಲ್ಲದ ನಿಖರತೆ ಇದ್ದಂತೆ ಆಗುತ್ತೆ.

ದಿನಾಂಕ ಇದ್ದ ಜಾಗದಲ್ಲಿ ಇದ್ದಕ್ಕಿದ್ದಂತೆ 45658 ಅಂತ ಕಂಡರೆ ಗಾಬರಿ ಬೇಡ. ಶೀಟ್ ಒಳಗೆ ದಿನಾಂಕವನ್ನು ದಿನಗಳ ಎಣಿಕೆಯಾಗಿ ಇಟ್ಟುಕೊಂಡಿರುತ್ತೆ. 45658 ಅಂದರೆ 2025ರ ಜನವರಿ 1. ಫಾರ್ಮ್ಯಾಟನ್ನು ಡೇಟ್‌ಗೆ ಬದಲಿಸಿ, ಸರಿಹೋಗುತ್ತೆ.

ಕಾಲಂ ‘ಪ್ಲೇನ್ ಟೆಕ್ಸ್ಟ್’ ಆಗಿದ್ದಾಗ ಹಾಕಿದ ಅಂಕಿಯೂ ಅಕ್ಷರವೇ. ಅಂಥ ಕಡೆ ಮೊದಲು ಫಾರ್ಮ್ಯಾಟನ್ನು ನಂಬರ್‌ಗೆ ಬದಲಿಸಿ, ಆಮೇಲೆ ಆ ಅಂಕಿಯನ್ನು ಇನ್ನೊಮ್ಮೆ ಟೈಪ್ ಮಾಡಿ.

ಎರಡು ನಿಮಿಷದ ತಪಾಸಣೆ

ಪ್ರತಿ ಕೊಯ್ಲಿನ ನಂತರ ಇಷ್ಟು ನೋಡಿ.

ಮೊದಲನೆಯದು, ಕಣ್ಣಿನ ಪರೀಕ್ಷೆ. ಶೀಟ್ ತಾನಾಗಿ ಸಂಖ್ಯೆಯನ್ನು ಬಲಕ್ಕೆ, ಅಕ್ಷರವನ್ನು ಎಡಕ್ಕೆ ಇಡುತ್ತೆ. ತೂಕದ ಕಾಲಂನಲ್ಲಿ ಒಂದು ಅಂಕಿ ಎಡಕ್ಕೆ ಅಂಟಿಕೊಂಡಿದ್ದರೆ ಅದು ಅಕ್ಷರವಾಗಿದೆ ಅಂತ ಅರ್ಥ. ಚೆಂದ ಕಾಣಲಿ ಅಂತ ಎಲ್ಲವನ್ನೂ ಮಧ್ಯಕ್ಕೆ ತಂದರೆ ಈ ಸುಳಿವು ಕಳೆದುಹೋಗುತ್ತೆ.

ಎರಡನೆಯದು, ಎಣಿಕೆ. ತೂಕದ ಸೆಲ್‌ಗಳನ್ನು ಬೆರಳಿನಿಂದ ಎಳೆದು ಆಯ್ಕೆ ಮಾಡಿ. ಕೆಳಗೆ ‘ಸಮ್’ ಅಂತ ಒಟ್ಟು ಕಾಣುತ್ತೆ. ಅದನ್ನು ಒತ್ತಿದರೆ ಸರಾಸರಿ, ಕನಿಷ್ಠ, ಗರಿಷ್ಠ, ‘ಕೌಂಟ್’, ‘ಕೌಂಟ್ ನಂಬರ್ಸ್’ ಕೂಡ ಬರುತ್ತವೆ. ‘ಕೌಂಟ್’ ತುಂಬಿದ ಸೆಲ್ ಎಷ್ಟು ಅಂತ ಹೇಳುತ್ತೆ, ‘ಕೌಂಟ್ ನಂಬರ್ಸ್’ ಅದರಲ್ಲಿ ನಿಜವಾದ ಸಂಖ್ಯೆ ಎಷ್ಟು ಅಂತ ಹೇಳುತ್ತೆ. ಎರಡೂ ಒಂದೇ ಇರಬೇಕು. ನಮ್ಮ ಉದಾಹರಣೆಯ ‘ಎ’ ತಾಕಿನಲ್ಲಿ 6 ಮತ್ತು 5 ಬರ್ತಿತ್ತು. ಆ ಒಂದು ಎಲ್ಲಿ ಹೋಯ್ತು ಅಂತ ಹುಡುಕಿದರೆ ‘60 ಕೆಜಿ’ ಸಿಕ್ಕಿಬೀಳ್ತಿತ್ತು.

ಮೂರನೆಯದು, ಕನಿಷ್ಠ ಮತ್ತು ಗರಿಷ್ಠ. ಗರಿಷ್ಠ 600 ಅಂತ ಬಂದರೆ 60ಕ್ಕೆ ಇನ್ನೊಂದು ಸೊನ್ನೆ ಬಿದ್ದಿದೆ. ಕನಿಷ್ಠ 0 ಬಂದರೆ ಅದು ನಿಜವಾದ ಸೊನ್ನೆಯೋ, ಗೊತ್ತಿಲ್ಲದ ಸೊನ್ನೆಯೋ ನೋಡಿ.

ಒಂದೊಂದೇ ತಾಕಿನ ಲೆಕ್ಕ ನೋಡಬೇಕಾದರೆ ಮೊದಲು ಟ್ಯಾಬಿನ ಕಾಪಿ ಮಾಡಿಕೊಳ್ಳಿ. ಆ ಕಾಪಿಯಲ್ಲಿ ತಾಕಿನ ಕಾಲಂ ಮೇಲೆ ಸಾರ್ಟ್ ಮಾಡಿ. ‘ಎ’ ಸಾಲುಗಳೆಲ್ಲಾ ಒಂದು ಕಡೆ, ‘ಬಿ’ ಸಾಲುಗಳೆಲ್ಲಾ ಒಂದು ಕಡೆ ಬರುತ್ತವೆ. ಮೂಲ ಟ್ಯಾಬಿನಲ್ಲಿ ಎಂಟ್ರಿ ಬಿಟ್ಟು ಬೇರೇನೂ ಮಾಡಬೇಡಿ.

ಶೀಟನ್ನು ಬೇರೆಯವರಿಗೆ ಕೊಡುವಾಗ

ಕೃಷಿ ವಿಜ್ಞಾನ ಕೇಂದ್ರದವರು ರೈತರ ಹೊಲದಲ್ಲೇ ಪ್ರಯೋಗ ಮಾಡಿಸ್ತಾರೆ. ತೋಟಗಾರಿಕೆ ಕಾಲೇಜಿನ ವಿದ್ಯಾರ್ಥಿಗಳೂ ಅಂಕಿಅಂಶ ಕೇಳ್ಕೊಂಡು ಬರ್ತಾರೆ. ಅವರು ನಿಮ್ಮ ಶೀಟನ್ನು ಮಿನಿಟ್ಯಾಬ್, ಎಸ್‌ಪಿಎಸ್‌ಎಸ್, ಆರ್ ಇಂಥ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಹಾಕಬಹುದು. ಆ ತಂತ್ರಾಂಶಗಳು ಗೂಗಲ್ ಶೀಟ್ಸ್‌ಗಿಂತ ಬಿಗಿ. ಅಲ್ಲಿ ಇಡೀ ಕಾಲಂ ಒಂದೇ ಜಾತಿ: ಒಂದೋ ಸಂಖ್ಯೆ, ಇಲ್ಲಾ ಅಕ್ಷರ, ಇಲ್ಲಾ ದಿನಾಂಕ. ಮಿನಿಟ್ಯಾಬ್ ಅಕ್ಷರದ ಕಾಲಂಗೆ ತಲೆಯ ಮೇಲೆ ‘ಟಿ’ ಅಂತಲೂ, ದಿನಾಂಕದ ಕಾಲಂಗೆ ‘ಡಿ’ ಅಂತಲೂ ಗುರುತು ಹಾಕುತ್ತೆ. ನಿಮ್ಮ ತೂಕದ ಕಾಲಂ ಅಲ್ಲಿ ‘ಟಿ’ ಅಂತ ಬಂದರೆ ಒಂದು ‘ಕೆಜಿ’ ಎಲ್ಲೋ ಉಳಿದಿದೆ ಅಂತ ಲೆಕ್ಕ.

ಸಿಗದೇ ಹೋದ ತೂಕಕ್ಕೂ ಅಲ್ಲಿ ಬೇರೆ ಗುರುತೇ ಇದೆ. ಮಿನಿಟ್ಯಾಬ್‌ನಲ್ಲಿ ನಕ್ಷತ್ರ ಚಿಹ್ನೆ, ಎಸ್‌ಪಿಎಸ್‌ಎಸ್‌ನಲ್ಲಿ ಚುಕ್ಕೆ, ಆರ್‌ನಲ್ಲಿ ‘ಎನ್‌ಎ’. ಯಾವುದರಲ್ಲೂ ಅದು ಸೊನ್ನೆ ಅಲ್ಲ. ನೀವು ಖಾಲಿ ಬಿಟ್ಟಿದ್ದರೆ ಅವರಿಗೆ ಅಷ್ಟೇ ಸಾಕು.

ಅಂಕಿ ಸರಿ ಇದ್ದರೆ ಉತ್ತರ ಸರಿಯಾ?

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ನಮ್ಮ ಉದಾಹರಣೆಯ 3 ಕೆಜಿ ವ್ಯತ್ಯಾಸ ಗೊಬ್ಬರದಿಂದಲೇ ಬಂತು ಅಂತಲೂ ಹೇಳೋಕಾಗಲ್ಲ. ‘ಎ’ ತಾಕಿನ ಮಣ್ಣೇ ಸ್ವಲ್ಪ ಚೆನ್ನಾಗಿರಬಹುದು, ನೀರು ಅಲ್ಲಿಗೆ ಮೊದಲು ಮುಟ್ಟುತ್ತಿರಬಹುದು. ಹಾಗಾಗಿ ಒಂದು ದೊಡ್ಡ ತಾಕಿನ ಬದಲು ನಾಲ್ಕೈದು ಸಣ್ಣ ತಾಕು ಮಾಡಿ, ಯಾವುದಕ್ಕೆ ಹಾಕಬೇಕು ಅನ್ನೋದನ್ನು ಚೀಟಿ ಎತ್ತಿ ನಿರ್ಧರಿಸಿ. ಪುನರಾವರ್ತನೆ ಮತ್ತು ಚೀಟಿ ಎತ್ತುವ ಈ ಕ್ರಮವನ್ನು ಗಟ್ಟಿಯಾಗಿ ನಿಲ್ಲಿಸಿದವರು ರೊನಾಲ್ಡ್ ಫಿಷರ್. ಅವರು 1919ರಲ್ಲಿ ಇಂಗ್ಲೆಂಡಿನ ರೊಥಾಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ ಸೇರಿದ್ದೇ ಅಲ್ಲಿ ರಾಶಿ ಬಿದ್ದಿದ್ದ ಹಳೆಯ ಹೊಲದ ಲೆಕ್ಕಗಳನ್ನು ಬಿಡಿಸೋಕೆ. ಅಲ್ಲಿನ ಬ್ರಾಡ್‌ಬಾಕ್ ಗೋಧಿ ಪ್ರಯೋಗ 1843ರಲ್ಲಿ ಶುರುವಾದದ್ದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ವರ್ಷ ವರ್ಷ ತೂಗಿ ಬರೆದಿಟ್ಟಿದ್ದರಿಂದಲೇ ಆ ಅಂಕಿ ಅಷ್ಟು ವರ್ಷ ಕಳೆದ ಮೇಲೂ ಉಪಯೋಗಕ್ಕೆ ಬಂತು. ನಮ್ಮ ಕೈಯಲ್ಲಿ ಈಗ ಮೊಬೈಲ್ ಇದೆ, ಬೇಕಾಗಿರೋದು ಅದೇ ಶಿಸ್ತು.

ಈ ವಾರದ ಕೆಲಸ

ನಿಮ್ಮ ಹತ್ತಿರ ಈಗಾಗಲೇ ಶೀಟ್ ಇದ್ದರೆ ಹೊಸದು ಮಾಡೋಕೆ ಹೋಗಬೇಡಿ. ಅದನ್ನೇ ತೆರೆದು ಮೂರು ಕೆಲಸ ಮಾಡಿ. ತೂಕದ ಕಾಲಂನಲ್ಲಿ ಎಡಕ್ಕೆ ಅಂಟಿದ ಅಂಕಿ ಹುಡುಕಿ. ‘ಕೌಂಟ್’, ‘ಕೌಂಟ್ ನಂಬರ್ಸ್’ ತಾಳೆ ನೋಡಿ. ಪ್ರತಿ ಸೊನ್ನೆಯ ಮುಂದೆ ನಿಂತು, ‘ಕಾಯಿ ಇರಲಿಲ್ಲವೋ, ತೂಕ ಸಿಗಲಿಲ್ಲವೋ’ ಅಂತ ಕೇಳಿಕೊಳ್ಳಿ. ತಿದ್ದಿದ ಮೇಲೆ ಸರಾಸರಿಯನ್ನು ಮತ್ತೆ ನೋಡಿ. ಹಳೆಯ ಸರಾಸರಿ ನಂಬಿ ಮುಂದಿನ ಬೆಳೆಗೆ ಏನಾದರೂ ಕೊಳ್ಳಬೇಕು ಅಂತ ಅಂದುಕೊಂಡಿದ್ದರೆ, ಅಂಗಡಿಗೆ ಹೋಗುವ ಮೊದಲೇ ಇದನ್ನು ಮುಗಿಸಿಕೊಳ್ಳಿ.